ವರ್ಷದ ಲೆಕ್ಕ ಮೊದಲು: ಮುಂಬಯಿಯ ಸಂಸಾರಕ್ಕೆ ಉಳಿತಾಯ ಮತ್ತು ಸಾಲದ ಕ್ರಮ

ಡೊಂಬಿವಲಿ, ಗೋರೆಗಾಂವ್, ಮುಲುಂಡ್, ಮೀರಾ ರೋಡ್‌ಗಳ ಕನ್ನಡಿಗರ ಮನೆಗಳಲ್ಲಿ ದಿನಸಿ, ಹಾಲು, ರೈಲಿನ ಪಾಸು, ಸೊಸೈಟಿಯ ಮೇಂಟೆನೆನ್ಸ್ ಮುಂತಾದ ತಿಂಗಳ ಖರ್ಚುಗಳು ಸಾಮಾನ್ಯವಾಗಿ ಹತೋಟಿಯಲ್ಲಿರುತ್ತವೆ. ಸಾಲ ಹುಟ್ಟುವುದು ಬೇರೆಡೆ. ಮೇ ತಿಂಗಳಲ್ಲಿ ಊರಿಗೆ ಹೋಗಿಬರುವ ಖರ್ಚು, ಜೂನ್‌ನಲ್ಲಿ ಶಾಲೆಯ ಶುಲ್ಕ, ಕುಟುಂಬದ ಮನೆಯ ದೈವದ ನೇಮಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಕೊಡಬೇಕಾದ ವಂತಿಗೆ, ವಿಮೆಯ ಕಂತು, ನೆಂಟರ ಮದುವೆಯ ಉಡುಗೊರೆ ಇವೆಲ್ಲ ಪ್ರತಿವರ್ಷ ಬರುವಂಥವೇ ಆಗಿದ್ದರೂ ಪ್ರತಿವರ್ಷವೂ ಹೊಸ ಆಪತ್ತಿನಂತೆ ಬಂದೆರಗಿ, ಕ್ರೆಡಿಟ್ ಕಾರ್ಡಿನ ಅಥವಾ ಕೈಸಾಲದ ಮೇಲೆ ಬೀಳುತ್ತವೆ. ಆದ್ದರಿಂದ ಇಲ್ಲಿನ ಸಂಸಾರಗಳು ಲೆಕ್ಕವನ್ನು ವರ್ಷದಿಂದ ಆರಂಭಿಸುವುದು ಒಳ್ಳೆಯದು.

ಮೊದಲನೆಯ ಕೆಲಸ: ಹನ್ನೆರಡು ತಿಂಗಳ ಪಟ್ಟಿ

ಕಳೆದ ವರ್ಷದ ಬ್ಯಾಂಕ್ ಪಾಸ್‌ಬುಕ್ಕನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳೂ ಬಾರದ ಆದರೆ ವರ್ಷಕ್ಕೊಮ್ಮೆಯಾದರೂ ಬರುವ ಖರ್ಚುಗಳನ್ನಷ್ಟೇ ಬರೆಯಬೇಕು. ಲೆಕ್ಕಕ್ಕಾಗಿ ತಿಂಗಳಿಗೆ 62,000 ರೂಪಾಯಿ ಕೈಗೆ ಬರುವ ಒಂದು ಮನೆಯನ್ನು ಊಹಿಸೋಣ. ಶಾಲೆಯ ಶುಲ್ಕ ಮತ್ತು ಪುಸ್ತಕಗಳಿಗೆ 48,000, ಊರಿನ ಪ್ರಯಾಣಕ್ಕೆ 35,000, ವಿಮೆಗೆ 24,000, ಗಣೇಶ ಚತುರ್ಥಿ ಮತ್ತು ದೀಪಾವಳಿಗೆ 18,000, ಮದುವೆ ಮುಂಜಿಗಳಿಗೆ 15,000, ಊರಿನ ವಂತಿಗೆಗೆ 10,000 ಎಂದು ಹಿಡಿದರೆ ಮೊತ್ತ 1,50,000 ರೂಪಾಯಿ ಆಗುತ್ತದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 12,500. ಅಂದರೆ ಈ ಮನೆಯ ನಿಜವಾದ ಆದಾಯ 62,000 ಅಲ್ಲ, 49,500 ರೂಪಾಯಿ. ಬಾಡಿಗೆ, ದಿನಸಿ ಮತ್ತು ಉಳಿತಾಯ ಮೂರೂ ಈ ಮೊತ್ತದೊಳಗೆ ಹೊಂದಬೇಕು. ಊರಿಗೆ ಕಳುಹಿಸುವ ಹಣವನ್ನು ಪಟ್ಟಿಯಿಂದ ಬಿಡುವವರು ಬಹಳ. ದಾನವೆಂದುಕೊಂಡು ಬಿಟ್ಟರೂ ಅದು ಖರ್ಚಾಗದೆ ಇರುವುದಿಲ್ಲ.

ಆ 12,500 ರೂಪಾಯಿಯನ್ನು ಸಂಬಳ ಜಮೆಯಾದ ಮರುದಿನವೇ ಬೇರೆ ಖಾತೆಗೋ ಹನ್ನೆರಡು ತಿಂಗಳ ಆರ್‌ಡಿಗೋ (ಪ್ರತಿ ತಿಂಗಳೂ ನಿಗದಿತ ಮೊತ್ತ ಕಟ್ಟುವ ಠೇವಣಿ) ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಬೇಕು. ಆರ್‌ಡಿಯ ಅವಧಿ ಏಪ್ರಿಲ್ ಕೊನೆಗೆ ಮುಗಿಯುವಂತೆ ನೋಡಿಕೊಂಡರೆ ಮೇ ಮತ್ತು ಜೂನ್ ತಿಂಗಳ ಒತ್ತಡಕ್ಕೆ ಹಣ ಸಿದ್ಧವಿರುತ್ತದೆ. ಆ ಖಾತೆಯ ಎಟಿಎಂ ಕಾರ್ಡು ಪರ್ಸಿನಲ್ಲಿರಬಾರದು.

ಎರಡನೆಯದು: ಸಾಲಗಳನ್ನು ಬಡ್ಡಿಯ ಕ್ರಮದಲ್ಲಿ ಜೋಡಿಸುವುದು

ಸಾಲದ ಮೊತ್ತ ಎಷ್ಟೆಂಬುದಕ್ಕಿಂತ ಅದರ ಬಡ್ಡಿ ಎಷ್ಟೆಂಬುದು ಮುಖ್ಯ. ಕಾಗದದ ಮೇಲೆ ಅತಿ ಹೆಚ್ಚಿನ ಬಡ್ಡಿಯ ಸಾಲವನ್ನು ಮೇಲೆ ಬರೆದು, ಉಳಿದವುಗಳಿಗೆ ಕಟ್ಟಲೇಬೇಕಾದ ಕಂತನ್ನಷ್ಟೇ ಕಟ್ಟುತ್ತಾ, ಕೈಯಲ್ಲಿ ಉಳಿಯುವ ಪ್ರತಿಯೊಂದು ರೂಪಾಯಿಯನ್ನೂ ಮೇಲಿನ ಸಾಲಕ್ಕೆ ತುಂಬಬೇಕು. ಬಹುತೇಕ ಮನೆಗಳಲ್ಲಿ ಮೇಲಿನ ಸ್ಥಾನ ಕೈಸಾಲದ್ದು ಅಥವಾ ಕ್ರೆಡಿಟ್ ಕಾರ್ಡಿನದು.

ಕಾರ್ಡಿನಲ್ಲಿ 80,000 ರೂಪಾಯಿ ಬಾಕಿಯಿದ್ದು ತಿಂಗಳ ಬಡ್ಡಿ ಶೇ. 3.5 ಎಂದಾದರೆ, ಬಡ್ಡಿಯೇ 2,800 ರೂಪಾಯಿ. ಅದರ ಮೇಲೆ ಶೇ. 18ರ ಜಿಎಸ್‌ಟಿ 504 ರೂಪಾಯಿ. ತಿಂಗಳಿಗೆ 4,000 ಕಟ್ಟಿದವರಿಗೆ ಅಸಲಿನಲ್ಲಿ ಇಳಿಯುವುದು 696 ರೂಪಾಯಿ ಮಾತ್ರ. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಸಿಗುವುದಿಲ್ಲವೆಂಬುದನ್ನು ಅನೇಕರು ಗಮನಿಸುವುದಿಲ್ಲ. ಇದೇ ಮೊತ್ತಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಕಾರ್ಡಿನ ಬಾಕಿಯನ್ನು ಒಮ್ಮೆಲೇ ತೀರಿಸಿದರೆ ಮೊದಲ ತಿಂಗಳ ಬಡ್ಡಿ 800 ರೂಪಾಯಿಗೆ ಇಳಿಯುತ್ತದೆ. ಅದೇ 4,000 ಕಟ್ಟುತ್ತಾ ಹೋದರೆ ಎರಡು ವರ್ಷದೊಳಗೆ ಸಾಲ ಮುಗಿದು ಒಡವೆ ಮನೆಗೆ ಬರುತ್ತದೆ. ಒಡವೆಯನ್ನು ಅಡವಿಡುವುದು ಮರ್ಯಾದೆಗೆ ಕಡಿಮೆಯೆಂದು ಭಾವಿಸಿ, ಯಾರ ಕಣ್ಣಿಗೂ ಬೀಳದ ಕಾರ್ಡಿನ ಬಡ್ಡಿಯನ್ನು ವರ್ಷಗಟ್ಟಲೆ ಕಟ್ಟುವುದು ನನ್ನ ಲೆಕ್ಕದಲ್ಲಿ ದುಬಾರಿಯಾದ ಮರ್ಯಾದೆ. ಆದರೆ ಕಂತು ತಪ್ಪಿದರೆ ಚಿನ್ನ ಹರಾಜಿಗೆ ಹೋಗುತ್ತದೆ. ಕಾರ್ಡಿನ ಬಳಕೆಯನ್ನು ನಿಲ್ಲಿಸದವರು ಈ ದಾರಿ ಹಿಡಿಯಬಾರದು.

ಗೃಹಸಾಲಕ್ಕೆ ಪಟ್ಟಿಯ ಕೊನೆಯ ಸ್ಥಾನ ಸಾಕು. 40 ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ಕಂತು ಸುಮಾರು 34,700 ಆಗುತ್ತದೆ. ಮೊದಲ ಕಂತಿನಲ್ಲಿ 28,300ಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವೈಯಕ್ತಿಕ ಸಾಲಗಾರರು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ವಿಧಿಸುವಂತಿಲ್ಲವಾದ್ದರಿಂದ, ಮೇಲಿನ ಸಾಲಗಳು ತೀರಿದ್ದರೆ ಬೋನಸ್ಸಿನ ಒಂದು ಪಾಲನ್ನು ಮೊದಲ ವರ್ಷಗಳಲ್ಲಿಯೇ ಅಸಲಿಗೆ ತುಂಬುವುದು ಲಾಭದಾಯಕ.

ಮುಂಬಯಿಯಲ್ಲಿ ಕಾಣುವ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಬಾಡಿಗೆಯ ಬದಲಿಗೆ ಮಾಲೀಕರಿಗೆ ಹೆವಿ ಡಿಪಾಸಿಟ್ ಕೊಡಲು ವೈಯಕ್ತಿಕ ಸಾಲ ಮಾಡುವವರಿದ್ದಾರೆ. 10 ಲಕ್ಷಕ್ಕೆ ಶೇ. 14ರ ಬಡ್ಡಿಯೆಂದರೆ ವರ್ಷಕ್ಕೆ 1,40,000, ತಿಂಗಳಿಗೆ ಸುಮಾರು 11,700 ರೂಪಾಯಿ. ಅಂಥದೇ ಮನೆ ಇದಕ್ಕಿಂತ ಕಡಿಮೆ ಬಾಡಿಗೆಗೆ ಸಿಗುವುದಾದರೆ ಈ ವ್ಯವಹಾರದಲ್ಲಿ ನಷ್ಟವೇ ಇದೆ. ಕೊಡುವುದೇ ಆದರೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ಇಲ್ಲಿನ ಬಾಡಿಗೆಯ ಕರಾರು) ನೋಂದಾಯಿಸಿ, ಡಿಪಾಸಿಟ್ಟಿನ ಪೂರ್ತಿ ಮೊತ್ತ ಅದರಲ್ಲಿ ನಮೂದಾಗುವಂತೆ ನೋಡಿಕೊಳ್ಳಬೇಕು.

ಮೂರನೆಯದು: ಆಪತ್ತಿನ ಹಣ ಮತ್ತು ಅದನ್ನಿಡುವ ಜಾಗ

ಸಂಬಳದವರಿಗೆ ಮೂರು ತಿಂಗಳ, ಹೋಟೆಲು ಅಥವಾ ಕ್ಯಾಂಟೀನು ಗುತ್ತಿಗೆ ಹಿಡಿದವರಿಗೆ ಆರು ತಿಂಗಳ ಅನಿವಾರ್ಯ ಖರ್ಚಿನಷ್ಟು ಹಣ ಬೇಕಾದಾಗ ಮುರಿಯಬಹುದಾದ ಠೇವಣಿಯಲ್ಲಿರಬೇಕು. ಎಲ್ಲಿಡಬೇಕೆಂಬುದು ಇನ್ನೂ ದೊಡ್ಡ ಪ್ರಶ್ನೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಮುಂಬಯಿಯ ಸಹಕಾರಿ ಬ್ಯಾಂಕಾದ ಪಿಎಂಸಿಯ ಮೇಲೆ ನಿರ್ಬಂಧ ಹೇರಿದಾಗ ಗ್ರಾಹಕರು ಆರಂಭದಲ್ಲಿ ತೆಗೆಯಬಹುದಾಗಿದ್ದುದು 1,000 ರೂಪಾಯಿ ಮಾತ್ರ. ಆ ಬ್ಯಾಂಕು ಬೇರೊಂದರಲ್ಲಿ ವಿಲೀನವಾದದ್ದು 2022ರ ಜನವರಿಯಲ್ಲಿ. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಸಿಗುವ ಠೇವಣಿ ವಿಮೆಯ ಮಿತಿ 2020ರ ಫೆಬ್ರವರಿಯಿಂದ 1 ಲಕ್ಷದ ಬದಲು 5 ಲಕ್ಷ ರೂಪಾಯಿಯಾಗಿದೆ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು ಮತ್ತು ಬಡ್ಡಿ ಸೇರಿ ಈ ಮಿತಿ ಅನ್ವಯವಾಗುವುದರಿಂದ, ಹೆಚ್ಚು ಹಣವಿರುವವರು ಬೇರೆ ಬೇರೆ ಬ್ಯಾಂಕುಗಳಿಗೆ ಹಂಚಬೇಕು. ಓಣಿಯಲ್ಲಿರುವ ಪತ್‌ಪೇಢಿ (ಸಹಕಾರಿ ಪತ್ತಿನ ಸಂಘ) ಬ್ಯಾಂಕಲ್ಲ. ಅಲ್ಲಿನ ಠೇವಣಿಗೆ ಈ ವಿಮೆಯಿಲ್ಲ. ನಮ್ಮವರೇ ನಡೆಸುತ್ತಾರೆಂಬ ವಿಶ್ವಾಸ ವಿಮೆಯ ಸ್ಥಾನವನ್ನು ತುಂಬಲಾರದು.

ಮಹಿಳೆಯರು ತಮ್ಮೊಳಗೇ ನಡೆಸುವ ಚೀಟಿಯಾದ ಭಿಶಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹನ್ನೆರಡು ಮಂದಿ 5,000ದಂತೆ ಹಾಕುವ ಭಿಶಿಯಲ್ಲಿ ಮೊದಲು ಎತ್ತಿದವರಿಗೆ 60,000 ರೂಪಾಯಿ ಬಡ್ಡಿಯಿಲ್ಲದ ಸಾಲವಾಗಿ ಸಿಗುತ್ತದೆ, ಕೊನೆಗೆ ಎತ್ತಿದವರಿಗೆ ಬಡ್ಡಿಯಿಲ್ಲದ ಉಳಿತಾಯವಾಗುತ್ತದೆ. ಬಿಡದೆ ಹಣ ಕಟ್ಟುವ ಅಭ್ಯಾಸವೂ ಬೆಳೆಯುತ್ತದೆ. ಆದರೆ 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನೋಂದಣಿಯಾದ ಚೀಟಿಗಿರುವ ರಕ್ಷಣೆ ಇದಕ್ಕಿಲ್ಲ. ಆಪತ್ತಿನ ಹಣವನ್ನು ಇದರಲ್ಲಿ ತೊಡಗಿಸುವಂತಿಲ್ಲ.

ಕೊನೆಯದು: ಗುರಿಗೆ ಮೊತ್ತ ಮತ್ತು ವರ್ಷ ಬರೆಯುವುದು

ಮನೆ ಕೊಳ್ಳಬೇಕೆಂಬುದು ಆಸೆ. ಆರು ವರ್ಷದಲ್ಲಿ 16 ಲಕ್ಷ ಬೇಕೆಂಬುದು ಗುರಿ. ಮುಂಬಯಿ ನಗರಪಾಲಿಕೆಯ ವ್ಯಾಪ್ತಿಯಲ್ಲಿ 60 ಲಕ್ಷದ ಫ್ಲಾಟಿಗೆ ಬ್ಯಾಂಕು ಕೊಡಬಹುದಾದುದು ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ. ಕೈಯಿಂದ 12 ಲಕ್ಷ, ಶೇ. 6ರ ಸ್ಟ್ಯಾಂಪ್ ಡ್ಯೂಟಿ 3.6 ಲಕ್ಷ, ನೋಂದಣಿ ಶುಲ್ಕ 30,000 ಸೇರಿ 15.9 ಲಕ್ಷವಾಗುತ್ತದೆ, ದಲಾಲಿ ಮತ್ತು ದುರಸ್ತಿ ಬೇರೆ. ಫ್ಲಾಟು ಮಹಿಳೆಯ ಹೆಸರಿನಲ್ಲಿಯೇ ನೋಂದಣಿಯಾದರೆ ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ. 1 ಕಡಿಮೆ, ಇಲ್ಲಿ 60,000 ರೂಪಾಯಿ ಉಳಿತಾಯ. ಶೇ. 7ರ ಬಡ್ಡಿ ಸಿಗುತ್ತದೆಂದು ಹಿಡಿದರೆ 16 ಲಕ್ಷಕ್ಕೆ ಆರು ವರ್ಷ ತಿಂಗಳಿಗೆ ಸುಮಾರು 18,000 ಕಟ್ಟಬೇಕು. ನಮ್ಮ ಉದಾಹರಣೆಯ ಮನೆಗೆ ಇದು ಸಾಧ್ಯವಿಲ್ಲದಿದ್ದರೆ ವರ್ಷ ಹೆಚ್ಚಬೇಕು ಅಥವಾ ಫ್ಲಾಟು ಚಿಕ್ಕದಾಗಬೇಕು. ಹನ್ನೊಂದು ತಿಂಗಳು ಬೀಗ ಹಾಕಿರುವ ಊರಿನ ಹೊಸ ಮನೆಗೆ ಸಾಲ ಮಾಡಿ, ಇಲ್ಲಿ ಬಾಡಿಗೆ ಕಟ್ಟುತ್ತಿರುವವರು ಊರಿನ ಮನೆ, ಇಲ್ಲಿನ ಫ್ಲಾಟು ಈ ಎರಡರಲ್ಲಿ ಯಾವುದು ಮೊದಲೆಂದು ಮನೆಯವರೆಲ್ಲ ಕುಳಿತು ತೀರ್ಮಾನಿಸುವುದು ಒಳ್ಳೆಯದು.

ಹತ್ತು ವರ್ಷದೊಳಗಿನ ಮಗಳಿದ್ದರೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯನ್ನು 250 ರೂಪಾಯಿಯಿಂದ ತೆರೆಯಬಹುದು. ಹದಿನೈದು ವರ್ಷ ಕಟ್ಟಬೇಕು, ಮಗಳಿಗೆ ಹದಿನೆಂಟು ತುಂಬಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ) ಹಣ ಕಟ್ಟುವವರು ತಿಂಗಳ 5ನೇ ತಾರೀಖಿನೊಳಗೆ ಕಟ್ಟಬೇಕು, ಏಕೆಂದರೆ 5ರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿಗಷ್ಟೇ ಬಡ್ಡಿ ಲೆಕ್ಕವಾಗುತ್ತದೆ.

ಈ ಖಾತೆಗಳೆಲ್ಲಕ್ಕೂ ನಾಮಿನಿಯ ಹೆಸರಿದೆಯೇ ಎಂದು ಪಾಸ್‌ಬುಕ್ಕಿನಲ್ಲಿಯೇ ನೋಡಬೇಕು. ಬ್ಯಾಂಕ್ ಠೇವಣಿಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ಹೆಸರಿಸಬಹುದಾಗಿದೆ. ಸ್ವಂತ ಫ್ಲಾಟು ಇರುವವರು ಸೊಸೈಟಿಯ ಕಚೇರಿಯಲ್ಲಿ ನಾಮಿನೇಷನ್ ಫಾರಂ ಅನ್ನು ಪ್ರತ್ಯೇಕವಾಗಿ ತುಂಬಿಕೊಟ್ಟು, ಅದರ ಸ್ವೀಕೃತಿಯ ಪ್ರತಿಯನ್ನು ಸೊಸೈಟಿಯ ಷೇರು ಪ್ರಮಾಣಪತ್ರದೊಂದಿಗೆ ಇಡಬೇಕು.