ಪಾರ್ಟ್ 2 ಟಿಕೆಟ್ ತೆಗೆಯುವ ಮೊದಲು ಪೋಸ್ಟರಿನ ಕೆಳಗಿನ ಸಾಲು ಓದಿ

ಮುಂಬೈಯಲ್ಲಿ ಥಿಯೇಟರಿಗೆ ಹೋಗಿ ಕನ್ನಡ ಸಿನಿಮಾ ನೋಡುವುದು ಸಲೀಸಲ್ಲ. ಒಂದೆರಡು ದೊಡ್ಡ ಸಿನಿಮಾ ಬಿಟ್ಟರೆ ಉಳಿದವಕ್ಕೆ ಸಿಗುವುದು ಬೆರಳೆಣಿಕೆಯ ಪರದೆ, ಅದೂ ಹೆಚ್ಚಾಗಿ ಶನಿವಾರ-ಭಾನುವಾರದ ಒಂದು ಆಟ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು, ಲೋಕಲ್ ಬದಲಿಸಿ, ಅಲ್ಲಿಂದ ರಿಕ್ಷಾ ಹಿಡಿದು ಹೋಗಿ ಕೂತ ಮೇಲೆ ಗೊತ್ತಾಗುತ್ತದೆ, ಈ ಪಾರ್ಟ್ 2ಕ್ಕೆ ಹೆಸರು ಮಾತ್ರ ಹಳೆಯದು, ಮೊದಲ ಸಿನಿಮಾ ಕಟ್ಟಿದವರು ಒಬ್ಬರೂ ಇದರಲ್ಲಿಲ್ಲ ಅಂತ. ನನಗೆ ಇದು ತುಂಬಾ ಸಿಟ್ಟು ತರಿಸುವ ವಿಷಯ. ನಾವು ಪ್ರೀತಿಸಿದ್ದು ಒಂದು ಕಥೆಯನ್ನು, ಒಬ್ಬರ ಮನಸ್ಸನ್ನು. ನಮಗೆ ಮಾರುವುದು ಒಂದು ಅಂಕಿಯನ್ನು. ಹಾಗಾಗಿ ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು ಅಂತ ಬರೆಯುತ್ತಿದ್ದೇನೆ. ಹಿಂದಿ, ಇಂಗ್ಲಿಷ್ ಸಿನಿಮಾಕ್ಕೂ ಇದೇ ಲೆಕ್ಕ.

ಶುರುವಿನಲ್ಲೇ ಒಂದು ವಿಷಯ ತಲೆಯಲ್ಲಿರಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕರು, ನಿರ್ದೇಶಕರಲ್ಲ. ಕಥೆ ಬರೆದವರ ಹಕ್ಕು ಬೇರೆ ಇರುತ್ತದೆ, ಆದರೆ ಅದನ್ನೂ ಕರಾರು ಮಾಡಿ ಬರೆಸಿಕೊಳ್ಳಬಹುದು. ಅಂದರೆ ಸಿನಿಮಾ ಗೆದ್ದ ಮೇಲೆ ಎರಡನೇ ಭಾಗ ಮಾಡಬೇಕಾ, ಯಾರ ಕೈಯಲ್ಲಿ ಮಾಡಿಸಬೇಕು ಅನ್ನುವುದೆಲ್ಲ ಬಹಳ ಸಲ ಹಕ್ಕು ಇಟ್ಟುಕೊಂಡವರ ತೀರ್ಮಾನ. ಮೊದಲನೆಯದನ್ನು ಮಾಡಿದವರನ್ನು ಕರೆಯಲೇಬೇಕು ಅಂತ ಎಲ್ಲೂ ಇಲ್ಲ. ಮಾಟುಂಗದ ಯಾವ ಹೋಟೆಲಿನವರನ್ನಾದರೂ ಕೇಳಿ, ಬೋರ್ಡನ್ನು ಮಾರಬಹುದು, ಅಡುಗೆಯವರ ಕೈಗುಣ ಅದರ ಜೊತೆ ಬರಲ್ಲ.

ಈಗ ಪೋಸ್ಟರ್ ತೆಗೆಯಿರಿ. ಮೇಲೆ ಹೀರೋ ಮುಖ, ಮಧ್ಯೆ ದಪ್ಪಕ್ಷರದಲ್ಲಿ ಹೆಸರು, ಪಕ್ಕದಲ್ಲಿ ದೊಡ್ಡದಾಗಿ 2. ಅದನ್ನೆಲ್ಲ ಬಿಟ್ಟು ಕೆಳಗೆ ಬನ್ನಿ. ಫೋನಿನಲ್ಲಾದರೆ ಎರಡು ಬೆರಳಿಟ್ಟು ಹಿಗ್ಗಿಸಿ. ಕಥೆ, ಚಿತ್ರಕಥೆ, ಸಂಭಾಷಣೆ, ಛಾಯಾಗ್ರಹಣ, ಸಂಗೀತ, ಸಂಕಲನ, ನಿರ್ದೇಶನ ಅಂತ ಸಣ್ಣಕ್ಷರದ ಸಾಲು ಇರುತ್ತದೆ. ಆಮೇಲೆ ಹಳೇ ಸಿನಿಮಾವನ್ನು ಯೂಟ್ಯೂಬಿನಲ್ಲೋ ಓಟಿಟಿಯಲ್ಲೋ ಹಾಕಿ, ಟೈಟಲ್ ಕಾರ್ಡ್ ಬಂದಾಗ ನಿಲ್ಲಿಸಿ, ಎರಡನ್ನೂ ತಾಳೆ ನೋಡಿ. ಐದು ನಿಮಿಷದ ಕೆಲಸ.

ಉದಾಹರಣೆಗೆ ‘ಮುಂಗಾರು ಮಳೆ’. 2006ರ ಆ ಸಿನಿಮಾ ಯಾಕೆ ಹಿಡಿಸಿತು? ಯೋಗರಾಜ್ ಭಟ್ಟರ ಮಾತು, ಕೃಷ್ಣ ಅವರ ಕ್ಯಾಮೆರಾದಲ್ಲಿ ಬಿಡದೆ ಸುರಿಯುವ ಮಳೆ, ಮನೋಮೂರ್ತಿ ಸಂಗೀತ, ‘ಅನಿಸುತಿದೆ ಯಾಕೋ ಇಂದು’ ಬರೆದ ಜಯಂತ ಕಾಯ್ಕಿಣಿ. ಕಾಯ್ಕಿಣಿಯವರು ವರ್ಷಾನುಗಟ್ಟಲೆ ಈ ಊರಿನಲ್ಲೇ ಇದ್ದವರು, ಹಾಗಾಗಿ ಆ ಹಾಡಿನ ಮೇಲೆ ನಮಗೆ ಸ್ವಲ್ಪ ಜಾಸ್ತಿ ಅಭಿಮಾನ. ‘ಮುಂಗಾರು ಮಳೆ 2’ ಬಂದಿದ್ದು 2016ರಲ್ಲಿ. ಹೀರೋ ಗಣೇಶ್ ಅವರೇ. ಆದರೆ ನಿರ್ದೇಶನ ಶಶಾಂಕ್, ಸಂಗೀತ ಅರ್ಜುನ್ ಜನ್ಯ. ಶಶಾಂಕ್ ಕಡಿಮೆಯವರೇನಲ್ಲ, ‘ಮೊಗ್ಗಿನ ಮನಸು’ ಮಾಡಿದವರು. ಅವರ ಸಿನಿಮಾ ಬೇರೆಯೇ ಹೆಸರಿಟ್ಟುಕೊಂಡು ಬಂದಿದ್ದರೆ ನಾವು ಅದನ್ನು ಅದರ ಪಾಡಿಗೆ ನೋಡುತ್ತಿದ್ದೆವು, ಹಳೇ ಮಳೆಯ ಜೊತೆ ಹೋಲಿಸುವ ಪ್ರಶ್ನೆಯೇ ಇರುತ್ತಿರಲಿಲ್ಲ, ಅಲ್ವಾ? ಹೊಸದಾಗಿ ಬಂದವರಿಗೂ ಇದರಿಂದ ಅನ್ಯಾಯವೇ.

ನಿರ್ದೇಶಕರು ಬದಲಾದ ತಕ್ಷಣ ಸಿನಿಮಾ ಕೈಬಿಡಬೇಡಿ. ಕಥೆ ಯಾರದು ಅಂತ ನೋಡಿ. ಹಿಂದಿ ‘ದೃಶ್ಯಂ’ (2015) ಮಾಡಿದ ನಿಶಿಕಾಂತ್ ಕಾಮತ್ 2020ರಲ್ಲಿ ತೀರಿಕೊಂಡರು. 2022ರ ಎರಡನೇ ಭಾಗವನ್ನು ಅಭಿಷೇಕ್ ಪಾಠಕ್ ಮಾಡಿದರು. ಆದರೂ ಕಥೆ ಜೀತು ಜೋಸೆಫ್ ಅವರದ್ದೇ, ಮಲಯಾಳಂನಲ್ಲಿ ಎರಡೂ ಭಾಗ ಬರೆದು ನಿರ್ದೇಶಿಸಿದವರು ಅವರೇ. ಹಾಗಾಗಿ ಗಂಟು ಸಡಿಲವಾಗಲಿಲ್ಲ. ಇನ್ನೊಂದು ಕಡೆ, 1986ರಲ್ಲಿ ಜೇಮ್ಸ್ ಕ್ಯಾಮರಾನ್ ಬೇರೆಯವರ ‘ಏಲಿಯನ್’ ಕೈಗೆತ್ತಿಕೊಂಡು, ತಾವೇ ಚಿತ್ರಕಥೆ ಬರೆದು ‘ಏಲಿಯನ್ಸ್’ ಮಾಡಿದರು. ಅವರಲ್ಲಿ ಹೇಳೋಕೆ ತಮ್ಮದೇ ಏನೋ ಇತ್ತು. ಇಂಥವು ಅಪರೂಪ, ಆದರೆ ಇವೆ.

ಆಮೇಲೆ ಕೇಳಿಕೊಳ್ಳಬೇಕಾದ್ದು: ಮೊದಲ ಕಥೆಯಲ್ಲಿ ಏನಾದರೂ ಬಾಕಿ ಇತ್ತಾ? ‘ದೃಶ್ಯಂ’ನಲ್ಲಿ ಗುಟ್ಟು ಹೂತಿಟ್ಟಿದ್ದರು, ಅದು ಇಂದಲ್ಲ ನಾಳೆ ಹೊರಗೆ ಬರಬಹುದು ಅನ್ನುವ ಭಯ ಇತ್ತು. ‘ಜಾಸ್’ನಲ್ಲಿ ಏನು ಬಾಕಿ ಇತ್ತು? 1975ರಲ್ಲಿ ಸ್ಪೀಲ್‌ಬರ್ಗ್ ಅದನ್ನು ಮಾಡಿದರು, ಶಾರ್ಕ್ ಸತ್ತಿತು, ಕಥೆ ಮುಗಿಯಿತು. ಆಮೇಲೆ 1978, 1983, 1987 ಅಂತ ಇನ್ನೂ ಮೂರು ಬಂದವು, ಒಂದನ್ನೂ ಸ್ಪೀಲ್‌ಬರ್ಗ್ ನಿರ್ದೇಶಿಸಲಿಲ್ಲ. ನಾಲ್ಕನೆಯದರಲ್ಲಿ ಶಾರ್ಕು, ಮೊದಲ ಶಾರ್ಕನ್ನು ಕೊಂದವರ ಕುಟುಂಬದ ಮೇಲೆ ಸೇಡು ತೀರಿಸಿಕೊಳ್ಳಲು ಬರುತ್ತದೆ. ಹೇಳೋಕೆ ಏನೂ ಉಳಿಯದಿದ್ದರೆ ಇಂಥ ಕಥೆಯೇ ಹುಟ್ಟುವುದು.

ಟ್ರೇಲರ್ ನೋಡುವಾಗ ಹಳೆಯದು ಎಷ್ಟು, ಹೊಸದು ಎಷ್ಟು ಅಂತ ಗಮನ ಕೊಡಿ. ಹಳೇ ಹಾಡಿನ ರೀಮಿಕ್ಸ್, ಹಳೇ ಡೈಲಾಗ್, ಹಳೇ ಭೂತದ ಹೆಸರು, ಇಷ್ಟೇ ಇದ್ದರೆ ಅನುಮಾನ ಪಡಿ. 2007ರ ‘ಭೂಲ್ ಭುಲೈಯಾ’ ಪ್ರಿಯದರ್ಶನ್ ಅವರದು, 2022ರದ್ದು ಅನೀಸ್ ಬಜ್ಮೀ ಅವರದು. ಆ ಹೆಸರು, ಆ ಟೈಟಲ್ ಹಾಡು, ಮಂಜುಲಿಕಾ ಅನ್ನುವ ಭೂತದ ಹೆಸರು ಎಲ್ಲ ಬಂತು, ಆದರೆ ಮೊದಲನೆಯದರ ಜೀವಾಳವಾಗಿದ್ದ ಮನೋರೋಗದ ಎಳೆ ಹೋಗಿ ನಿಜವಾದ ದೆವ್ವವೇ ಬಂತು. ಜನ ನೋಡಿದರು, ಸಿನಿಮಾ ಓಡಿತು, ಅದು ನಿಜ. ಆದರೂ ನನ್ನ ಪ್ರಕಾರ ಅದು ಬೇರೆಯೇ ಸಿನಿಮಾ. ನಮ್ಮಲ್ಲಿ ‘ಆಪ್ತಮಿತ್ರ’ದ ನಾಗವಲ್ಲಿಯನ್ನು ‘ಆಪ್ತರಕ್ಷಕ’ಕ್ಕೆ (2010) ತಂದವರು ಅದೇ ಪಿ. ವಾಸು, ಅದೇ ವಿಷ್ಣುವರ್ಧನ್. ಮೂಲದವರೇ ಇದ್ದರೆ ಗೆಲ್ಲುವುದು ಗ್ಯಾರಂಟಿ ಅಂತ ನಾನು ಹೇಳುತ್ತಿಲ್ಲ. ಸೋತರೂ ಅದು ಅವರ ಕಥೆ, ಅವರ ಸೋಲು. ಅದಕ್ಕೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ.

ಸೋಮವಾರದವರೆಗೆ ಕಾದು ನೋಡಿ ಅಂತ ಬೆಂಗಳೂರಿನವರಿಗೆ ಹೇಳಬಹುದು, ಇಲ್ಲಿ ಸೋಮವಾರಕ್ಕೆ ಆಟವೇ ಇರಲ್ಲ. ಅದಕ್ಕೇ ಶುಕ್ರವಾರ ಸಂಜೆ ಊರಿಗೆ ಫೋನ್ ಮಾಡಿ. ತಮ್ಮನೋ ಭಾವನೋ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಮೊದಲ ಆಟ ನೋಡಿರುತ್ತಾರೆ. ‘ಹೆಂಗಿದೆ?’ ಅಂತ ಸುಮ್ನೆ ಕೇಳಬೇಡಿ, ‘ಪರವಾಗಿಲ್ಲ’ ಅನ್ನುತ್ತಾರೆ. ‘ಮೊದಲನೆಯದು ನೋಡದಿದ್ದವರಿಗೂ ಇದು ಇಷ್ಟ ಆಗುತ್ತಾ?’ ಅಂತ ಕೇಳಿ. ಅವರು ಸ್ವಲ್ಪ ತಡೆದು ಯೋಚನೆ ಮಾಡಿದರೆ ಟಿಕೆಟ್ ತೆಗೆಯಬೇಡಿ.

ಉಳಿದ ದುಡ್ಡಿನಲ್ಲಿ ಮೊದಲನೆಯದನ್ನು ಬರೆದವರು ಈಗ ಏನು ಮಾಡುತ್ತಿದ್ದಾರೆ ಅಂತ ಹುಡುಕಿ. ಅವರ ಹೊಸ ಸಿನಿಮಾಕ್ಕೆ ಅಂಕಿ ಇರಲ್ಲ, ಪ್ರಚಾರವೂ ಕಡಿಮೆ, ಮುಂಬೈಗೆ ಒಂದೇ ಆಟ ಬಂದಿರುತ್ತದೆ. ಅದಕ್ಕೆ ಹೋಗಿ. ಪಾರ್ಟ್ 2 ನೋಡಿ ಬೇಜಾರಾಗಿ ಬಂದಿದ್ದರೆ, ನಾಲ್ಕು ಸಾಲು ಬರೆಯುವಾಗ ಹೀರೋನನ್ನು ಬೈಯುವುದಕ್ಕಿಂತ ಹಳೇ ತಂಡದಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅಂತ ಹೆಸರು ಹಾಕಿ ಬರೆಯಿರಿ. ಕಲ್ಯಾಣದಿಂದ ಹೊರಡಬೇಕಾದವರಿಗೆ ಬೇಕಾದ ಮಾಹಿತಿ ಅದು.