ಎರೆ ಮಣ್ಣಿನ ರಸ್ತೆ, ಮೂವತ್ತು ಕ್ಲಿಕ್ಕು

"ಕ್ಲಿಕ್ ತಿರುವಿದ್ರ ರಸ್ತೆದಾಗಿನ ತಗ್ಗು ಮುಚ್ಚತಾವೇನು?" ನಮ್ಮಪ್ಪ ಹೀಗೆ ಕೇಳಿ ಎರಡು ವರ್ಷ ಆಯಿತು. ಗೋಕುಲ ರಸ್ತೆಯಲ್ಲಿ ಲಾರಿಗಳ ಪಾಟಾ (ಪಟ್ಟಿ ಸ್ಪ್ರಿಂಗ್) ಕಟ್ಟುತ್ತಲೇ ಮೂವತ್ತೈದು ವರ್ಷ ಕಳೆದವರು ಅವರು. ಅಪ್ಪನಷ್ಟೇ ಅಲ್ಲ, ಹುಬ್ಬಳ್ಳಿಯ ಅರ್ಧ ಗ್ಯಾರೇಜಿನವರು ನಕ್ಕಿದ್ದರು. ಹಳೆಯ ಆಡಿ ಟಿಟಿ ಕಾರಿಗೆ, ಅದೂ ನಮ್ಮ ರಸ್ತೆಯಲ್ಲಿ, ಕಾಯ್ಲೋವರ್ ಯಾರಾದರೂ ಹಾಕ್ತಾರಾ ಅಂತ. ಕಾಯ್ಲೋವರ್ ಅಂದರೆ ಗಾಡಿಯ ಎತ್ತರವನ್ನೂ ಬಿಗಿಯನ್ನೂ ಕೈಯಿಂದ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಸೆಟ್. ಬಿಗಿಯ ಗುಂಡಿ ಒಂದು ಹಂತ ತಿರುವಿದರೆ ಒಂದು ಕ್ಲಿಕ್. ಈಗ ನಕ್ಕವರಲ್ಲೇ ಇಬ್ಬರು ತಮ್ಮ ಗಿರಾಕಿಗಳ ಗಾಡಿ ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎರಡನೇ ತಲೆಮಾರಿನ ಟಿಟಿ ಕೂಪೆ. ಕೆಲವು ಟಿಟಿಗಳಲ್ಲಿ ಮ್ಯಾಗ್ನೆಟಿಕ್ ರೈಡ್ ಅನ್ನುವ ಸಸ್ಪೆನ್ಷನ್ ಇರುತ್ತದೆ. ಬಟನ್ ಒತ್ತಿದರೆ ಸಾಕು, ಕಬ್ಬಿಣದ ಕಣ ಬೆರೆತ ಆಯಿಲ್ ಕರೆಂಟಿಗೆ ಬಿಗಿಯಾಗಿ ಗಾಡಿ ಗಟ್ಟಿಯಾಗುತ್ತದೆ. ನನ್ನ ಗಾಡಿಗೆ ಆ ಭಾಗ್ಯ ಇಲ್ಲ. ಎಲ್ಲವೂ ಕೈಯಿಂದಲೇ ತಿರುವಬೇಕು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸೋರಿದರೆ ಬರುವ ಬಿಲ್ಲು ನೋಡಿದವರು ಯಾರೂ ಅದಕ್ಕೆ ಆಸೆ ಪಡುವುದಿಲ್ಲ.

ಮೊದಲು ಮಾಡಿದ್ದು ಶುದ್ಧ ದಡ್ಡತನ. ಪುಣೆಯಿಂದ ಸೆಕೆಂಡ್ ಹ್ಯಾಂಡ್ ಸೆಟ್ ತರಿಸಿದೆ, 45 ಸಾವಿರ. ಮೂರನೇ ವಾರಕ್ಕೆ ಮುಂದಿನ ಎಡಗಡೆಯದು ಆಯಿಲ್ ಕಕ್ಕಿತು. ಮಾರಿದವನು ಫೋನ್ ಎತ್ತಲಿಲ್ಲ. ಅದನ್ನೇ ಬೇರೆಯವರಿಗೆ 12 ಸಾವಿರಕ್ಕೆ ಕೊಟ್ಟೆ, ಸೋರುತ್ತದೆ ಅಂತ ಹೇಳಿಯೇ ಕೊಟ್ಟೆ. ಆಮೇಲೆ ಹೊಸದು, 30 ಕ್ಲಿಕ್ಕಿನದು, ಸುಂಕ ಗಿಂಕ ಎಲ್ಲ ಸೇರಿ 1 ಲಕ್ಷ 30 ಸಾವಿರದ ಹತ್ತಿರ.

ಹಾಕಿದ ದಿನವೇ 35 ಮಿಲಿಮೀಟರ್ ಇಳಿಸಿಬಿಟ್ಟೆ. ಚೆಂದ ಕಾಣುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ನವನಗರದ ಒಂದು ಶಾಲೆಯ ಮುಂದಿನ ಹಂಪ್‌ನಲ್ಲಿ ಹೊಟ್ಟೆ ಉಜ್ಜಿದ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ಮರುದಿನ 20 ಮಿಲಿಮೀಟರ್ ವಾಪಸ್ ಎತ್ತಿದೆ.

ನಿಜವಾದ ತೊಂದರೆ ಊರೊಳಗೆ ಇರಲಿಲ್ಲ, ಕುಸುಗಲ್ ದಾಟಿ ನವಲಗುಂದದ ಕಡೆ ಹೋದಾಗ ಗೊತ್ತಾಯಿತು. ಅಲ್ಲಿ ಎಲ್ಲ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ, ಮೇಲಿನ ಡಾಂಬರೂ ಅದರ ಜೊತೆಗೇ ಏರಿ ಇಳಿಯುತ್ತದೆ. ತಗ್ಗಿಲ್ಲದ ಕಡೆಯೂ ರಸ್ತೆ ಅಲೆಅಲೆ. ಎಂಬತ್ತರ ವೇಗದಲ್ಲಿ ಮೊದಲ ಅಲೆ ಚೆನ್ನಾಗಿ ದಾಟಿತು, ಎರಡನೆಯದೂ ಸರಿ. ಮೂರನೆಯದಕ್ಕೆ ಧಡ್ ಅಂತ ಬಂಪ್ ಸ್ಟಾಪಿಗೆ, ಅಂದರೆ ಡ್ಯಾಂಪರ್ ಒತ್ತಿ ಮುಗಿಯುವ ಕಡೆ ಇರುವ ತಡೆಗೆ, ಬಡಿಯಿತು. ಸಹಜವಾಗಿ ಎಲ್ಲರೂ ಯೋಚಿಸುವ ಹಾಗೇ ನಾನೂ ಯೋಚಿಸಿದೆ: ಮೆತ್ತಗಾಗಿದೆ, ಬಿಗಿ ಮಾಡು. ನಾಲ್ಕು ಕ್ಲಿಕ್ ಬಿಗಿ ಮಾಡಿದೆ. ಬಡಿತ ಜಾಸ್ತಿ ಆಯಿತು. ಇನ್ನೂ ನಾಲ್ಕು. ಇನ್ನೂ ಜಾಸ್ತಿ! ಎರಡು ತಿಂಗಳು ಇದೇ ಕಥೆ. ಸ್ಪ್ರಿಂಗ್ ಬದಲಿಸು ಅಂದರು, ಗಾಡಿಯನ್ನೇ ಮಾರು ಅಂದರು.

ಡ್ಯಾಂಪರ್ ರಾಡಿಗೆ ಜಿಪ್ ಟೈ ಕಟ್ಟಿದ ಮೇಲೆ ಕಣ್ಣು ತೆರೆಯಿತು. ರಾಡ್ ಎಷ್ಟು ಒಳಗೆ ಹೋಯಿತೋ ಅಷ್ಟಕ್ಕೆ ಟೈ ಸರಿದು ನಿಲ್ಲುತ್ತದೆ. ಒಂದೇ ಹಂಪ್ ದಾಟಿ ನೋಡಿದರೆ ಟೈ ಅರ್ಧದಲ್ಲೇ ನಿಂತಿರುತ್ತಿತ್ತು. ಸಾಲಾಗಿ ಅಲೆ ದಾಟಿದರೆ ಬಂಪ್ ಸ್ಟಾಪಿನ ತನಕ ಹೋಗಿರುತ್ತಿತ್ತು. ಅಂದರೆ ಸ್ಪ್ರಿಂಗ್ ಸೋತಿರಲಿಲ್ಲ. ನನ್ನ ಕಿಟ್ಟಿನ ಕ್ಲಿಕ್ಕು ಹೆಚ್ಚಾಗಿ ಹಿಡಿಯುವುದು ರಿಬೌಂಡನ್ನು, ಅಂದರೆ ಒತ್ತಿದ ಸ್ಪ್ರಿಂಗ್ ವಾಪಸ್ ಚಾಚುವುದನ್ನು. ಅದನ್ನು ಬಿಗಿ ಮಾಡಿದಷ್ಟೂ ಚಕ್ರ ಕೆಳಗೆ ಚಾಚುವುದು ನಿಧಾನ. ಪೂರ್ತಿ ಚಾಚುವ ಮೊದಲೇ ಮುಂದಿನ ಅಲೆ ಬಂದು ಒತ್ತುತ್ತದೆ. ಹೀಗೆ ಗಾಡಿ ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಕುಸಿಯುತ್ತಾ ಹೋಗುತ್ತದೆ. ಬಡಿತಕ್ಕೆ ಕಾರಣ ನಾನೇ!

ಸಡಿಲ ಬಿಡಲು ಶುರು ಮಾಡಿದೆ. ಪೂರ್ತಿ ಬಿಗಿಯಿಂದ ಹಿಂದಕ್ಕೆ ಎಣಿಸಿದರೆ ಈಗ ಮುಂದೆ 17, ಹಿಂದೆ 20. ಅದಕ್ಕಿಂತ ಸಡಿಲ ಬಿಟ್ಟರೆ ಬೈಪಾಸಿನಲ್ಲಿ ದೋಣಿಯ ಹಾಗೆ ತೇಲುತ್ತದೆ. ಮುಂದಿನ ಎಡಕ್ಕೂ ಬಲಕ್ಕೂ ಒಂದು ಕ್ಲಿಕ್ ವ್ಯತ್ಯಾಸ ಇಟ್ಟಿದ್ದೇನೆ. ಯಾಕೆ ಅಂತ ಇಲ್ಲಿ ಹೇಳುವುದಿಲ್ಲ, ಅದು ಹೊಟ್ಟೆಪಾಡಿನ ವಿಷಯ.

ಮಧ್ಯೆ ಸುಮ್ನೆ ಕುತೂಹಲಕ್ಕೆ ಹಿಂದಿನ ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಲಿಂಕ್ ಬಿಚ್ಚಿ ಒಂದು ವಾರ ಓಡಿಸಿದೆ. ಊರೊಳಗೆ ಹೂವಿನ ಹಾಗೆ ಹೋಗುತ್ತಿತ್ತು. ಆದರೆ ಯಲ್ಲಾಪುರ ದಾಟಿ ಅರಬೈಲ್ ಘಾಟಿನಲ್ಲಿ ಮೂತಿ ತಿರುವಿಗೆ ಬರಲು ಒಪ್ಪಲೇ ಇಲ್ಲ, ಹೊರಗೆ ಹೊರಗೆ ಜಾರುತ್ತಿತ್ತು. ವಾಪಸ್ ಬಂದ ರಾತ್ರಿಯೇ ಮತ್ತೆ ಹಾಕಿದೆ. ಇದಕ್ಕಿಂತ ಟಯರ್ ಗಾಳಿ 36ರಿಂದ 33ಕ್ಕೆ ಇಳಿಸಿದ್ದು ಜಾಸ್ತಿ ಕೆಲಸ ಮಾಡಿತು. ಖರ್ಚು ಸೊನ್ನೆ.

ಇನ್ನು ಸ್ಟೀರಿಂಗ್. ಟಿಟಿಯದು ಎಲೆಕ್ಟ್ರಿಕ್, ಎಷ್ಟು ಸಹಾಯ ಕೊಡಬೇಕು ಅನ್ನುವುದು ಕಂಪ್ಯೂಟರಿನ ಲೆಕ್ಕ. ಲ್ಯಾಪ್‌ಟಾಪ್ ಹಚ್ಚಿ ಅದನ್ನು ಬದಲಿಸಬಹುದು. ಯಾವ ಜಾಗದಲ್ಲಿ ಯಾವ ಅಂಕಿ ಅಂತ ಮಾತ್ರ ಕೇಳಬೇಡಿ. ಮೊದಲು ಎಲ್ಲಕ್ಕಿಂತ ಭಾರದ ಸೆಟ್ಟಿಂಗ್ ಇಟ್ಟೆ, ಸ್ಪೋರ್ಟ್ಸ್ ಗಾಡಿ ಅಲ್ವಾ? ದುರ್ಗದಬೈಲಿನಲ್ಲಿ ಪಾರ್ಕ್ ಮಾಡುವಷ್ಟರಲ್ಲಿ ಭುಜ ಬಿದ್ದುಹೋಯಿತು. ಭಾರವಾದ ಮಾತ್ರಕ್ಕೆ ರಸ್ತೆಯ ಸುದ್ದಿ ಕೈಗೆ ಜಾಸ್ತಿ ಬರುವುದೂ ಇಲ್ಲ. ಈಗ ನಡುವಿನದು. ನಿಜವಾದ ಬದಲಾವಣೆ ಬಂದಿದ್ದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸರಿ ಮಾಡಿದ ಮೇಲೆ.

ಆ ಟೋ ನನ್ನಿಂದ ಚೆನ್ನಾಗಿಯೇ ದುಡ್ಡು ಕಿತ್ತಿದೆ. ಎತ್ತರ ಬದಲಿಸಿದಾಗಲೆಲ್ಲ ಅಲೈನ್‌ಮೆಂಟ್ ಬದಲಾಗುತ್ತದೆ ಅಂತ ಗೊತ್ತಿದ್ದೂ ಒಂದು ಸಲ ಸೋಮಾರಿತನ ಮಾಡಿದೆ. 4 ಸಾವಿರ ಕಿಲೋಮೀಟರಿಗೆ ಮುಂದಿನ ಎರಡೂ ಟಯರಿನ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು. 34 ಸಾವಿರ ಹೋಯಿತು. ಅಲೈನ್‌ಮೆಂಟ್ ಅಂಗಡಿಯೊಂದರಲ್ಲಿ ಸ್ಟೀರಿಂಗ್ ಓರೆ ಇಟ್ಟೇ ಕಳಿಸಿದರು, ಮರುದಿನ ಇಎಸ್‌ಪಿಯ (ಗಾಡಿ ಜಾರದಂತೆ ನೋಡುವ ವ್ಯವಸ್ಥೆ) ಎಚ್ಚರಿಕೆ ದೀಪ. ಸ್ಟೀರಿಂಗ್ ಆಂಗಲ್ ಸೆನ್ಸರ್ ಸೊನ್ನೆ ಮಾಡಬೇಕು ಅನ್ನುವುದೇ ಅವರಿಗೆ ಹೊಳೆದಿರಲಿಲ್ಲ. ಆಮೇಲಿಂದ ಅಳತೆಯನ್ನು ನಾನೇ ದಾರ ಕಟ್ಟಿ ಮಾಡುತ್ತೇನೆ, ಅಂಗಡಿಗೆ ಹೋಗುವುದು ತಾಳೆ ನೋಡುವುದಕ್ಕೆ ಮಾತ್ರ.

ಟಾಪ್ ಮೌಂಟು, ಬುಶ್ಶು, ಐದು ಸಲದ ಅಲೈನ್‌ಮೆಂಟ್ ಎಲ್ಲ ಸೇರಿಸಿ ಎರಡೂಕಾಲು ಲಕ್ಷದ ಆಸುಪಾಸು ಖರ್ಚಾಗಿದೆ. ಮನೆಯಲ್ಲಿ ಹೇಳಿರುವುದು ಒಂದೂಕಾಲು.

ಕಳೆದ ತಿಂಗಳು ಅಪ್ಪನನ್ನು ಕೂರಿಸಿಕೊಂಡು ನವಲಗುಂದಕ್ಕೆ ಹೋದೆ. ಕುಸುಗಲ್ ದಾಟುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಊರು ಬಂದಾಗ ಎದ್ದು, "ಹಿಂದ ಬಲಕ್ಕ ಏನೋ ಟಿಕ್ ಟಿಕ್ ಅಂತೈತಲೋ" ಅಂದರು. ಹೌದು, ಅನ್ನುತ್ತದೆ. ಇನ್ನೂ ಸಿಕ್ಕಿಲ್ಲ.