ಬರಹಗಾರರ ಜಾಲತಾಣ: ನೀವೇ ಕಟ್ಟುವುದು ಹೇಗೆ?

ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ಪುಸ್ತಕ ಬಿಡುಗಡೆ ಮುಗಿದು ಕಾಫಿಗೆ ನಿಂತಾಗ ಓದುಗರು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಹಿಂದಿನ ಪುಸ್ತಕಗಳು ಎಲ್ಲಿ ಸಿಗುತ್ತವೆ?" ಉತ್ತರವಾಗಿ ಒಂದು ಜಾಲತಾಣದ ವಿಳಾಸ ಕೊಡುವಂತಿದ್ದರೆ ಎಷ್ಟು ಚೆನ್ನ! ಆದರೆ ಮುಂಬಯಿಯಲ್ಲಿ ಅದನ್ನು ಹೊರಗೆ ಮಾಡಿಸುವುದರಲ್ಲಿ ಒಂದು ತೊಡಕಿದೆ. ಇಲ್ಲಿನ ವೆಬ್ ಡಿಸೈನರ್‌ಗಳಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಒತ್ತಕ್ಷರ ಕಳಚಿಕೊಂಡರೂ, ಅರ್ಕಾವತ್ತು ಜಾಗ ತಪ್ಪಿದರೂ, ಕವಿತೆಯ ಸಾಲುಗಳು ಒಂದಕ್ಕೊಂದು ಅಂಟಿಕೊಂಡರೂ ಅವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ತಪ್ಪು ಕಾಣುವುದು ನಿಮಗೆ ಮಾತ್ರ. ಹಾಗಾಗಿ ತಿದ್ದುವ ಅಧಿಕಾರವೂ ನಿಮ್ಮ ಕೈಯಲ್ಲೇ ಇರಬೇಕು.

ನಾಲ್ಕೈದು ಪುಟಗಳ ಸರಳ ತಾಣ ಕಟ್ಟಲು ಎರಡು ಭಾನುವಾರ ಸಾಕು. ಖರ್ಚು ಎಂದರೆ ಡೊಮೈನ್, ಅಂದರೆ ತಾಣದ ವಿಳಾಸವಾಗುವ ಹೆಸರಿನ ವಾರ್ಷಿಕ ಶುಲ್ಕ ಮಾತ್ರ. ವಾರಕ್ಕೊಂದು ಲೇಖನ ಹಾಕುವವರಿಗೆ ತಾಣ ನಡೆಸುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್ ಅನುಕೂಲ, ನಿಜ. ಆದರೆ ಅದಕ್ಕೆ ಜೋಡಿಸುವ ಪ್ಲಗಿನ್ ಎಂಬ ಉಪತಂತ್ರಾಂಶಗಳನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಹ್ಯಾಕ್ ಆಗುವ ಅಪಾಯವಿದೆ. ವರ್ಷಕ್ಕೆ ಎರಡು ಸಲ ತಿದ್ದುವ ಲೇಖಕರಿಗೆ ಬ್ರೌಸರ್ ನೇರವಾಗಿ ಓದುವ ಬರಿಯ ಎಚ್‌ಟಿಎಂಎಲ್ ಪುಟಗಳೇ ಒಳ್ಳೆಯದು.

ಮೊದಲು ಹೆಸರು

ಡೊಮೈನ್ ಅನ್ನು ನಿಮ್ಮ ಹೆಸರಿನಲ್ಲೇ, ನಿಮ್ಮದೇ ಇಮೇಲ್‌ನಿಂದ ಕೊಳ್ಳಿ. ಬೇರೆಯವರು ತಮ್ಮ ಖಾತೆಯಲ್ಲಿ ಕೊಂಡುಕೊಟ್ಟರೆ ಕಾಗದದ ಮೇಲೆ ಅದು ಅವರದೇ. ಅವರು ಫೋನ್ ಎತ್ತದ ದಿನ ನಿಮ್ಮ ತಾಣವೂ ಇಲ್ಲ. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗದೆ ಎರಡನೇ ವರ್ಷದ ನವೀಕರಣ ದರವನ್ನು ಹೋಲಿಸಿ. ಡಾಟ್ ಇನ್ ಆದರೂ ಸರಿ, ಡಾಟ್ ಕಾಮ್ ಆದರೂ ಸರಿ. ಪುಸ್ತಕದ ಇಂಗ್ಲಿಷ್ ಹಕ್ಕುಸ್ವಾಮ್ಯ ಪುಟದಲ್ಲಿ ನಿಮ್ಮ ಹೆಸರಿಗೆ ಯಾವ ಸ್ಪೆಲಿಂಗ್ ಇದೆಯೋ ಅದನ್ನೇ ಇಟ್ಟುಕೊಳ್ಳಿ. ತಾನಾಗಿಯೇ ನವೀಕರಣವಾಗುವಂತೆ ಆಟೋ ರಿನ್ಯೂವಲ್ ಹಾಕಿಡಿ. ಅವಧಿ ಮೀರಿ ಕೈಬಿಟ್ಟುಹೋದ ಹೆಸರನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು.

ಹೆಚ್ಚಿನ ಕೆಲಸ ಇರುವುದು ಪಠ್ಯದಲ್ಲಿ

ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ ಚುಕ್ಕೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಾರಣ ಇಷ್ಟೇ: ಆ ಫಾಂಟುಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಮನೆಯ ಮೂಲ ಯಜಮಾನ ಕಾಣಿಸಿಕೊಳ್ಳುತ್ತಾನೆ. ಆದ್ದರಿಂದ ಮೊದಲು ಕನ್ನಡದ ಅಕ್ಷರಗಳಿಗೆ ತಮ್ಮದೇ ಮನೆಗಳಿರುವ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಕರಡು ತಿದ್ದುವವರ ಕಣ್ಣಿನಿಂದ ಇಷ್ಟನ್ನು ನೋಡಿ:

ಮೂಲದಲ್ಲಿದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡದ ಚೂರುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿರುತ್ತದೆ. ಅವನ್ನು ಮತ್ತೆ ಟೈಪ್ ಮಾಡಬೇಕು. ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಹೀಗಾಗಿ ಸೌಂದರ್ಯ, ಮೂರ್ತಿ, ಕರ್ತೃ ಇಂಥ ಪದಗಳನ್ನು ಹುಡುಕಿ ಪರೀಕ್ಷಿಸಿ. 'ರ‍್ಯಾಂಕ್', 'ರ‍್ಯಾಲಿ'ಗಳಲ್ಲಿ ರಕಾರ ಇಡಿಯಾಗಿ ನಿಲ್ಲಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಅದು ಬಿಟ್ಟುಹೋದರೆ ಅಲ್ಲೂ ಅರ್ಕಾವತ್ತು ಬಂದು ಕೂರುತ್ತದೆ.

ಇವೆಲ್ಲಕ್ಕಿಂತ ಮೋಸದ ತಪ್ಪು ಸೊನ್ನೆಯದು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿ ಬರೆದ 'ಮು೦ಬಯಿ' ನೋಡಲು 'ಮುಂಬಯಿ'ಯಂತೆಯೇ ಇರುತ್ತದೆ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದಗಳು, ಆದ್ದರಿಂದ ಹುಡುಕಿದವರಿಗೆ ನಿಮ್ಮ ಪುಟ ಸಿಗುವುದೇ ಇಲ್ಲ. ಬರಹದಲ್ಲಿ ಇಂಗ್ಲಿಷ್ ಅಂಕಿಗಳನ್ನಷ್ಟೇ ಬಳಸಿದ್ದರೆ ಎಲ್ಲ ಕನ್ನಡ ಸೊನ್ನೆಗಳನ್ನೂ ಒಂದೇ ಏಟಿಗೆ ಅನುಸ್ವಾರವಾಗಿ ಬದಲಿಸಬಹುದು. ಕನ್ನಡ ಅಂಕಿಗಳಿದ್ದರೆ ಹಾಗೆ ಮಾಡಬೇಡಿ, ಇಸವಿಗಳೆಲ್ಲ ಕೆಡುತ್ತವೆ. ಒಂದೊಂದನ್ನೇ ನೋಡಿ ಬದಲಿಸಿ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಪುಟ ಬರೆಯುವುದು

ವರ್ಡ್ ಬೇಡ. ಅದು ಉದ್ಧರಣ ಚಿಹ್ನೆಗಳನ್ನು ಬಾಗಿಸುತ್ತದೆ, ಬಾಗಿದ ಚಿಹ್ನೆ ಕೋಡಿನಲ್ಲಿ ಕೆಲಸ ಮಾಡುವುದಿಲ್ಲ. ನೋಟ್‌ಪ್ಯಾಡ್ ಸಾಕು, ಕೋಡ್ ಬರೆಯಲೆಂದೇ ಇರುವ ವಿಎಸ್ ಕೋಡ್ ತಂತ್ರಾಂಶ ಇದ್ದರೆ ಇನ್ನೂ ಒಳ್ಳೆಯದು, ಅದೂ ಉಚಿತ. ಮೊದಲ ಪುಟದ ಫೈಲಿನ ಹೆಸರು 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್' ಎಂದೇ ಇರಬೇಕು. ವಿಂಡೋಸ್ ಕೊನೆಯಲ್ಲಿ ಗುಟ್ಟಾಗಿ 'ಡಾಟ್ ಟಿಎಕ್ಸ್‌ಟಿ' ಸೇರಿಸಿಬಿಡುವುದುಂಟು, ಫೈಲ್ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿಕೊಂಡು ಪರೀಕ್ಷಿಸಿ. ಎಲ್ಲ ಫೈಲುಗಳಿಗೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹೆಸರಿಡಿ. ಚಿತ್ರದ ಫೈಲಿನ ಹೆಸರಿನ ಕೊನೆಯಲ್ಲಿರುವ ದೊಡ್ಡಕ್ಷರದ 'ಜೆಪಿಜಿ'ಗೂ ಸಣ್ಣಕ್ಷರದ 'ಜೆಪಿಜಿ'ಗೂ ನಿಮ್ಮ ವಿಂಡೋಸ್ ಭೇದ ಮಾಡುವುದಿಲ್ಲ, ತಾಣವನ್ನು ಇಡುವ ಸರ್ವರ್ ಮಾಡುತ್ತದೆ. ಮನೆಯಲ್ಲಿ ಕಂಡ ಪುಸ್ತಕದ ಮುಖಪುಟದ ಚಿತ್ರ ಜಾಲದಲ್ಲಿ ಕಾಣದಿರುವುದಕ್ಕೆ ಸಾಮಾನ್ಯ ಕಾರಣ ಇದೇ.

ಪುಟದ ತಲೆಯಲ್ಲಿ ಮೂರು ಸೂಚನೆ ತಪ್ಪಬಾರದು: ಅಕ್ಷರ ಸಂಕೇತ ಯುಟಿಎಫ್-8, ಭಾಷೆಯ ಸಂಕೇತ 'ಕೆಎನ್', ಮತ್ತು ಮೊಬೈಲ್ ಪರದೆಯ ಅಗಲಕ್ಕೆ ಹೊಂದುವ ವ್ಯೂಪೋರ್ಟ್. ಮೂರನೆಯದನ್ನು ಬಿಟ್ಟರೆ ಲೋಕಲ್ ರೈಲಿನಲ್ಲಿ ನಿಂತು ಓದುವವರಿಗೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಯಾವ ಭಾಗ ಏನೆಂದು ಬ್ರೌಸರಿಗೆ ಹೇಳುವ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ. ಇಡೀ ತಾಣಕ್ಕೆ ಬೇಕಾಗುವ ಟ್ಯಾಗುಗಳು ಹತ್ತು ಹನ್ನೆರಡು: ಶೀರ್ಷಿಕೆ, ಪ್ಯಾರಾ, ಕೊಂಡಿ, ಚಿತ್ರ, ಪಟ್ಟಿ ಇಷ್ಟೇ.

ಕವಿಗಳಿಗೆ ಒಂದು ಮಾತು. ನೀವು ಎಂಟರ್ ಒತ್ತಿ ಮುರಿದ ಸಾಲುಗಳನ್ನು ಬ್ರೌಸರ್ ಲೆಕ್ಕಿಸುವುದಿಲ್ಲ, ಕವಿತೆ ಗದ್ಯವಾಗಿಬಿಡುತ್ತದೆ. ಕವಿತೆಯ ಭಾಗಕ್ಕೆ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಗಿರಬೇಕೆಂದು ಹೇಳುವ ಸೂಚನೆಗಳಲ್ಲಿ) 'ವೈಟ್-ಸ್ಪೇಸ್' ಎಂಬ ಗುಣಕ್ಕೆ 'ಪ್ರಿ-ವ್ರ್ಯಾಪ್' ಎಂದು ಕೊಡಿ. ಸಾಲೂ ಉಳಿಯುತ್ತದೆ, ಸಾಲಿನ ಮೊದಲು ನೀವು ಬಿಟ್ಟ ಜಾಗವೂ ಉಳಿಯುತ್ತದೆ.

ಅಕ್ಷರರೂಪ

ಓದುವ ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಚೆನ್ನ. ಮರಾಠಿ ಅನುವಾದದ ಪುಟವೂ ಇದ್ದರೆ ಅನೇಕ್ ನೋಡಿ. ಮುಂಬಯಿಯದೇ ಆದ ಏಕ್ ಟೈಪ್ ತಂಡ ರೂಪಿಸಿದ ಈ ಕುಟುಂಬದಲ್ಲಿ ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಒಂದೇ ಜಾಡಿನಲ್ಲಿವೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮಾಮೂಲು ಮತ್ತು ದಪ್ಪ (ತಿರೋದಲ್ಲಿ ದಪ್ಪ ಇಲ್ಲ), ಎರಡೇ ತೂಕ ತೆಗೆದುಕೊಳ್ಳಿ, ಹೆಚ್ಚಾದಷ್ಟೂ ಪುಟ ಭಾರವಾಗುತ್ತದೆ. ಅಕ್ಷರದ ಗಾತ್ರ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು ಇಡಿ. ಇಂಗ್ಲಿಷಿಗೆ ಸಾಕಾಗುವ 1.4ರಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಎರಡೂ ಬದಿ ಸಮ ಮಾಡುವ 'ಜಸ್ಟಿಫೈ' ಬೇಡ. ನಮ್ಮ ಪದಗಳು ಉದ್ದ, ಮೊಬೈಲಿನ ಕಿರಿದಾದ ಸಾಲಿನಲ್ಲಿ ಪದಗಳ ನಡುವೆ ಕಂದಕ ಬೀಳುತ್ತದೆ. ಇಟಾಲಿಕ್ ಕೂಡ ಬೇಡ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಅದು ಇಲ್ಲ, ಬ್ರೌಸರ್ ಇದ್ದ ಅಕ್ಷರವನ್ನೇ ವಾಲಿಸಿಬಿಡುತ್ತದೆ.

ಪ್ರತಿ ಪುಸ್ತಕಕ್ಕೂ ಒಂದು ಪುಟವಿರಲಿ: ಮುಖಪುಟ, ಪ್ರಕಾಶಕರು, ಇಸವಿ, ಪುಟಸಂಖ್ಯೆ, 13 ಅಂಕಿಗಳ ಐಎಸ್‌ಬಿಎನ್, ಬೆಲೆ, ಸಿಗುವ ಜಾಗ. ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಒಮ್ಮೆ ಬರೆಯಿರಿ. ಈ ಊರಿನಲ್ಲಿ ಕನ್ನಡ ಮಾತಾಡುವ, ಆದರೆ ಓದಲು ಬಾರದ ಮಕ್ಕಳು ಹುಡುಕುವುದು ಹಾಗೆಯೇ. ಒಂದು ಅಧ್ಯಾಯ ಹಾಕುವ ಮುನ್ನ ಪ್ರಕಾಶಕರ ಜೊತೆಗಿನ ಕರಾರು ಓದಿ, ಮುಖಪುಟದ ಚಿತ್ರಕ್ಕೆ ಕಲಾವಿದರ ಒಪ್ಪಿಗೆ ಕೇಳಿ. ಮೊಬೈಲಿನಲ್ಲಿ ತೆಗೆದ 4-5 ಎಂಬಿ ಚಿತ್ರವನ್ನು ಹಾಗೆಯೇ ಏರಿಸದೆ 600 ಪಿಕ್ಸೆಲ್ ಅಗಲಕ್ಕೆ, 150 ಕೆಬಿಯೊಳಗೆ ಇಳಿಸಿ. ಸಂಪರ್ಕಕ್ಕೆ ಇಮೇಲ್ ಸಾಕು, ಮನೆ ವಿಳಾಸ ಬೇಡ.

ಜಾಲಕ್ಕೆ ಏರಿಸುವುದು

ತಾಣದ ಫೈಲುಗಳನ್ನು ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್ ಎಂಬ ಸೇವೆಯಲ್ಲಿ ಇಂಥ ತಾಣಕ್ಕೆ ಹಣ ಕೊಡಬೇಕಿಲ್ಲ. 1 ಜಿಬಿವರೆಗೆ ಜಾಗವಿದೆ. ಖಾತೆ ತೆರೆದು, 'ನಿಮ್ಮ ಬಳಕೆದಾರ ಹೆಸರು ಡಾಟ್ ಗಿಟ್‌ಹಬ್ ಡಾಟ್ ಐಓ' ಎಂಬ ಹೆಸರಿನ ಪಬ್ಲಿಕ್ ರೆಪಾಸಿಟರಿ (ಎಲ್ಲರಿಗೂ ಕಾಣುವ ಫೋಲ್ಡರ್) ಮಾಡಿ. 'ಅಪ್‌ಲೋಡ್ ಫೈಲ್ಸ್' ಒತ್ತಿ ಫೈಲುಗಳನ್ನು ಎಳೆದು ಹಾಕಿ, ಉಳಿಸಲು 'ಕಮಿಟ್' ಒತ್ತಿ. ಕೆಲವು ನಿಮಿಷದಲ್ಲಿ ತಾಣ ತೆರೆದುಕೊಳ್ಳುತ್ತದೆ. ಅಲ್ಲಿ ಹಾಕಿದ ಎಲ್ಲ ಫೈಲುಗಳೂ ಎಲ್ಲರಿಗೂ ಕಾಣುತ್ತವೆ ಎಂಬುದು ನೆನಪಿರಲಿ. ಅಪ್ರಕಟಿತ ಹಸ್ತಪ್ರತಿಯನ್ನು ಅಪ್ಪಿತಪ್ಪಿಯೂ ಆ ಫೋಲ್ಡರಿನಲ್ಲಿ ಇಡಬೇಡಿ.

ನಿಮ್ಮ ಡೊಮೈನ್ ಜೋಡಿಸಲು ಸೆಟ್ಟಿಂಗ್ಸ್‌ನ 'ಪೇಜಸ್' ವಿಭಾಗದಲ್ಲಿ ಅದರ ಹೆಸರು ಬರೆಯಿರಿ. ಆಮೇಲೆ ಡೊಮೈನ್ ಕೊಂಡ ಕಡೆ ಡಿಎನ್‌ಎಸ್ (ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಪಟ್ಟಿ) ತೆರೆದು, ಗಿಟ್‌ಹಬ್ ಸರ್ವರುಗಳ ಅಂಕಿ ವಿಳಾಸ ಹೇಳುವ ನಾಲ್ಕು 'ಎ' ರೆಕಾರ್ಡ್ ಸೇರಿಸಿ: 185.199.108.153, 185.199.109.153, 185.199.110.153, 185.199.111.153. 'ಡಬ್ಲ್ಯುಡಬ್ಲ್ಯುಡಬ್ಲ್ಯು'ಗೆ ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವ 'ಸಿನೇಮ್' ರೆಕಾರ್ಡ್ ಹಾಕಿ ಗಿಟ್‌ಹಬ್ ವಿಳಾಸ ಕೊಡಿ. ಮಾರಿದವರು ಮೊದಲೇ ಹಾಕಿಟ್ಟ ಹಳೆಯ 'ಎ' ರೆಕಾರ್ಡ್ ಇದ್ದರೆ ಅಳಿಸಿ. ಅಳಿಸದಿದ್ದರೆ ಕೆಲವರಿಗೆ ನಿಮ್ಮ ತಾಣ, ಕೆಲವರಿಗೆ ಜಾಹೀರಾತಿನ ಪುಟ ಕಾಣುತ್ತದೆ. ಬದಲಾವಣೆ ಎಲ್ಲೆಡೆ ಹರಡಲು ಒಂದು ದಿನ ಹಿಡಿಯಬಹುದು, ಗಾಬರಿಯಿಂದ ಮತ್ತೆ ಮತ್ತೆ ಬದಲಿಸಬೇಡಿ. ಕೊನೆಗೆ ತಾಣ ಸುರಕ್ಷಿತ ಸಂಪರ್ಕದಲ್ಲೇ ತೆರೆಯುವಂತೆ 'ಎನ್‌ಫೋರ್ಸ್ ಎಚ್‌ಟಿಟಿಪಿಎಸ್' ಗುರುತು ಹಾಕಿ.

ವಾಟ್ಸಾಪ್‌ನಲ್ಲಿ ಕೊಂಡಿ ಕಳಿಸಿದಾಗ ಪುಸ್ತಕದ ಮುಖಪುಟದ ಚಿತ್ರವೂ ಕಾಣಬೇಕಾದರೆ ಪುಟದ ತಲೆಯಲ್ಲಿ 'ಓಜಿ ಇಮೇಜ್' ಸೂಚನೆ ಬೇಕು. 1200 × 630 ಪಿಕ್ಸೆಲ್ ಚಿತ್ರ ಮಾಡಿ, ಅದರ ಪೂರ್ತಿ ವಿಳಾಸವನ್ನು ಎಚ್‌ಟಿಟಿಪಿಎಸ್‌ನಿಂದಲೇ ಬರೆಯಿರಿ. ಬರಿಯ ಫೈಲ್ ಹೆಸರು ಸಾಲದು.

ತಾಣದ ಫೋಲ್ಡರಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಡೊಮೈನ್ ಎಲ್ಲಿ ಕೊಂಡದ್ದು, ಯಾವ ಇಮೇಲ್, ನವೀಕರಣ ಯಾವ ತಿಂಗಳು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯವರಲ್ಲಿ ಒಬ್ಬರಿಗೆ ತೋರಿಸಿಡಿ. ನಮ್ಮ ಕಾನೂನಿನಂತೆ ಲೇಖಕರ ನಂತರವೂ 60 ವರ್ಷ ಕೃತಿಯ ಹಕ್ಕು ಇರುತ್ತದೆ. ಆ ಕಾಲದಲ್ಲಿ ಡೊಮೈನ್ ಶುಲ್ಕ ಕಟ್ಟಬೇಕಾದವರು ಆ ಮನೆಯವರೇ.